ನೆರಳಿನ ಅಂಚಿಗೆ ಸುಣ್ಣದ ಗೆರೆ

ಕೇಳುವವರು ಮೊದಲು ನೆರಳಿಗೆ ಬಂದು ಕೂತುಕೊಳ್ಳಿ. ಇದು ನೆರಳಿನ ಮಾತು, ಬಿಸಿಲಲ್ಲಿ ನಿಂತು ಕೇಳಿದರೆ ನನಗೇ ಸಂಕಟವಾಗುತ್ತದೆ.

ನಮ್ಮೂರ ಪಡುವಣಕ್ಕೆ ಒಂದು ಗುಡ್ಡ. ಅದರ ನೆತ್ತಿಯ ಮೇಲೆ ಗುಡ್ಡದಯ್ಯನ ಗುಡಿ. ಗುಡಿ ಅಂದರೆ ಗೋಡೆಯಿಲ್ಲ, ಮೇಲೆ ಹೊದಿಸಿದ ಮಾಡು ಇಲ್ಲ, ಒಂದರ ಮೇಲೊಂದು ಪೇರಿಸಿದ ಕಲ್ಲುಗಳು, ಅಷ್ಟೆ. ದಿನಾ ಮಧ್ಯಾಹ್ನದ ಊಟದ ಹೊತ್ತಿಗೆ ಗುಡ್ಡ ತನ್ನ ನೆರಳನ್ನು ಕೆಳಗೆ ಬಿಡುತ್ತದೆ. ಅದು ಊರ ಅಗಸೆ ಬಾಗಿಲು ದಾಟಿ, ಬೀದಿ ಬೀದಿ ಹಾಯ್ದು, ಮೂಡಣದ ಕಡೇ ಸಾಲಿನ ಮನೆಗಳನ್ನೂ ದಾಟಿ ಅವುಗಳ ಮುಂದಿನ ಅಂಗಳದಲ್ಲಿ ಬಂದು ನಿಲ್ಲುತ್ತದೆ. ಹೊತ್ತು ಮುಳುಗುವ ತನಕ ಅಲ್ಲಿಂದ ಕದಲುವುದಿಲ್ಲ. ಬೇರೆ ಊರುಗಳಲ್ಲಿ ನೆರಳು ಹೊತ್ತಿನ ಜೊತೆ ಉದ್ದವಾಗುತ್ತ ಹೋಗುತ್ತದೆ ಎಂದು ಬಳೆ ಮಾರಲು ಬಂದವನೊಬ್ಬ ಹೇಳಿದಾಗ ನಾವು ನಕ್ಕಿದ್ದೆವು. ಪಾಪ, ದೂರ ನಡೆದು ಬಂದವನು, ದಣಿದಿದ್ದಾನೆ ಅಂದುಕೊಂಡು ಮಜ್ಜಿಗೆ ಕೊಟ್ಟು ಕಳಿಸಿದೆವು.

ನೆರಳಿನಾಚೆಯ ಮಧ್ಯಾಹ್ನ ಮಾತ್ರ ಕೆಂಡ. ಗಡಿಗೆಯಲ್ಲಿಟ್ಟ ಹಾಲು ತಾನಾಗಿ ಒಡೆಯುತ್ತದೆ. ಆ ಬಿಸಿಲನ್ನು ಗೋಡೆಯೂ ತಡೆಯುವುದಿಲ್ಲ, ಮಾಡೂ ತಡೆಯುವುದಿಲ್ಲ, ಒಳಗೆ ಕೂತವರನ್ನೂ ಹುಡುಕಿಕೊಂಡು ಬರುತ್ತದೆ. ಅದಕ್ಕೇ ನಾವು ಹೊಲದ ಕೆಲಸವನ್ನೆಲ್ಲ ಬೆಳಗಿನ ಜಾವವೇ ಮುಗಿಸಿ, ಊಟದ ಹೊತ್ತಿಗೆ ನೆರಳಿನೊಳಗೆ ಬಂದುಬಿಡುತ್ತೇವೆ.

ಗುಡ್ಡಕ್ಕೂ ನಮಗೂ ಒಂದೇ ಒಪ್ಪಂದ. ಮನೆಯಲ್ಲಿ ಕೂಸು ಹುಟ್ಟಿದರೆ ಗುಡ್ಡದಿಂದ ಒಂದು ಕಲ್ಲು ಇಳಿಸಬಹುದು, ಒಬ್ಬ ಆಳು ತಲೆಯ ಮೇಲೆ ಹೊರುವಷ್ಟು ದೊಡ್ಡದು. ಅದನ್ನು ತಂದು ಮನೆಯ ಮುಂದಿನ ಜಗಲಿಗೆ ಕೂರಿಸುತ್ತೇವೆ. ಹೆಣ್ಣುಮಗಳು ಮದುವೆಯಾಗಿ ಗಂಡನ ಮನೆಗೆ ಹೊರಟರೆ ಬಂಡಿಯಲ್ಲಿ ಅವಳ ಕಲ್ಲೂ ಹೊರಡುತ್ತದೆ. ಸತ್ತರೆ, ದಿನಕರ್ಮ ಮುಗಿದ ಮರುದಿನ ಅವರ ಕಲ್ಲನ್ನು ಮನೆಯವರು ಹೊತ್ತು ಗುಡ್ಡಕ್ಕೆ ಏರಿಸಬೇಕು. ಏರದ ಕಲ್ಲುಗಳು ಊರಲ್ಲಿ ಉಳಿದರೆ ನೆರಳು ಹಿಂದಕ್ಕೆ ಸರಿಯುತ್ತದೆ. ಗುಡ್ಡಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ನಾವು ಕೇಳಿದ್ದಿಲ್ಲ. ಬುಟ್ಟಿಯಲ್ಲಿ ಎಷ್ಟು ರೊಟ್ಟಿ ಉಳಿದಿವೆ ಎಂದು ತಾಯಿಗೆ ಮುಚ್ಚಳ ತೆಗೆಯದೆಯೇ ಗೊತ್ತಿರುತ್ತದಲ್ಲ, ಹಾಗೆ.

ನನ್ನ ಹೆಸರು ಮಹಾರುದ್ರಪ್ಪ. ಊರವರ ಬಾಯಲ್ಲಿ ಗೆರೆಯಜ್ಜ. ನೆರಳು ಬಂದು ನಿಂತ ಜಾಗಕ್ಕೆ ದಿನಾ ಸುಣ್ಣದ ಗೆರೆ ಎಳೆಯುವುದು ನಮ್ಮ ಮನೆತನದ ಕೆಲಸ. ನೆರಳು ಕಣ್ಣಿಗೆ ಕಾಣುವುದಿಲ್ಲವೇ ಎಂದು ಕೇಳಬಹುದು. ನಡುವೆ ಕಾಣುತ್ತದೆ. ಅಂಚಿನಲ್ಲಿ ಅದು ಹಳೇ ಸೀರೆಯ ಸೆರಗಿನ ಹಾಗೆ ತೆಳ್ಳಗೆ, ಎಲ್ಲಿ ಮುಗಿಯಿತು ಎಂದು ಕಣ್ಣಿಗೆ ಹೇಳಲಾಗದು. ಬರಿಗಾಲಿಗೆ ಮಾತ್ರ ಗೊತ್ತಾಗುತ್ತದೆ. ಅದಕ್ಕೆ ನಮ್ಮಪ್ಪ ನನಗೆ ಹುಟ್ಟಿದಾಗಿನಿಂದ ಚಪ್ಪಲಿ ಕೊಡಿಸಲಿಲ್ಲ. "ಪಾದಕ್ಕ ಸುಳ್ಳು ಹೇಳಾಕ ಬರೂದಿಲ್ಲ, ರುದ್ರಾ," ಅನ್ನುತ್ತಿದ್ದ. "ಬಾಯಿಗೆ ಬರತೈತಿ. ಅದಕ್ಕ ಗೆರೆ ಎಳಿಯೋವಾಗ ಬಾಯಿ ಮುಚ್ಚಿಕೊಂಡಿರು."

ಕೈಗೂ ಸುಳ್ಳು ಹೇಳಲು ಬರುತ್ತದೆ ಎಂದು ಅಪ್ಪ ಹೇಳಲಿಲ್ಲ. ಅದನ್ನು ನಾನೇ ಕಲಿತೆ.

ಐದು ವರ್ಷದ ಹಿಂದೆ ನನ್ನ ಹೆಂಡತಿ ಶಂಕ್ರೆವ್ವ ತೀರಿಕೊಂಡಳು. ಅವಳ ಕಲ್ಲು ನಮ್ಮ ಜಗಲಿಯ ಬಲಗಡೆಯ ಮೂಲೆಯಲ್ಲಿತ್ತು. ನಲವತ್ತು ವರ್ಷ ಅದರ ಮೇಲೆ ಕೂತು ಜೋಳ ಹಸನು ಮಾಡಿದ್ದಳು. ನಡುವೆ ಸಣ್ಣಗೆ ಸವೆದು ತಗ್ಗಾಗಿತ್ತು. ದಿನಕರ್ಮ ಮುಗಿಯಿತು. ಮೊಣಕಾಲು ನೋವು, ಮುಂದಿನ ಅಮಾವಾಸ್ಯೆಗೆ ಏರಿಸುತ್ತೇನೆ ಅಂದೆ. ಆ ಅಮಾವಾಸ್ಯೆ ಹೋಯಿತು. ಸಂಜೆ ಸುಣ್ಣದ ಬುಟ್ಟಿ ಇಟ್ಟು ಆ ತಗ್ಗಿನಲ್ಲಿ ಕೂತರೆ ಅವಳ ಪಕ್ಕ ಕೂತ ಹಾಗೇ ಇರುತ್ತಿತ್ತು. ಅಷ್ಟರಲ್ಲಿ ಊರ ಹಿರಿಯ ಶೀಲವಂತಪ್ಪನ ಮನೆಯಲ್ಲೂ ಅವನ ತಾಯಿ ತೀರಿಕೊಂಡಳು. ಅವನು ಹಿಂದಿನ ವರ್ಷವಷ್ಟೇ ಜಗಲಿಯ ಮೇಲೆಲ್ಲ ನುಣುಪಾಗಿ ಸಿಮೆಂಟು ಬಳಿಸಿದ್ದ, ಒಡೆಯಲು ಮನಸ್ಸಾಗಲಿಲ್ಲ. ಹಳ್ಳದಿಂದ ಮುಷ್ಟಿಯಷ್ಟು ದೊಡ್ಡ ಉರುಟು ಕಲ್ಲನ್ನು ಆರಿಸಿ, ರೇಷ್ಮೆ ವಸ್ತ್ರದಲ್ಲಿ ಸುತ್ತಿ, ಡೊಳ್ಳು ಬಡಿಸಿಕೊಂಡು ಗುಡ್ಡ ಹತ್ತಿಬಂದ. "ಗುಡ್ಡದಯ್ಯ ಭಕ್ತಿ ನೋಡ್ತಾನ, ತೂಕ ನೋಡೂದಿಲ್ಲ," ಅಂದ. ಮಾತು ಚೆನ್ನಾಗಿತ್ತು. ಆಮೇಲೆ ಊರಲ್ಲಿ ಯಾರು ಸತ್ತರೂ ಉರುಟು ಕಲ್ಲೇ. ನಾನು ಬೇಡ ಅನ್ನಬೇಕಿತ್ತು. ಯಾವ ಮುಖದಿಂದ ಅನ್ನಲಿ? ನನ್ನ ಮನೆಯಿಂದ ಅಷ್ಟೂ ಹೋಗಿರಲಿಲ್ಲ.

ಮರುವರ್ಷ ಒಂದು ಮಧ್ಯಾಹ್ನ ಹಳೇ ಗೆರೆಗಿಂತ ಒಂದು ಹೆಜ್ಜೆ ಒಳಗೇ ನನ್ನ ಅಂಗಾಲು ಸುಟ್ಟಿತು. ಕಡೇ ಸಾಲಿನ ಮೊದಲ ಮನೆಯ ಮುಂದೆ ನೀಲಗಂಗಾ ಕೂತು ಬಿದಿರಿನ ಬುಟ್ಟಿ ಹೆಣೆಯುತ್ತಿದ್ದಳು. ಆ ವರ್ಷವೇ ದ್ಯಾಮಣ್ಣನ ಕೈಹಿಡಿದು ಬಂದವಳು. ನಾನು ನಿಂತದ್ದು ನೋಡಿ, "ಯಾಕಜ್ಜಾ, ನೆರಳು ಹಿಂದ ಸರದೈತೇನು?" ಅಂದಳು.

ಹೂಂ ಅಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಕೇಳಿದರೆ ಶಂಕ್ರೆವ್ವನ ಕಲ್ಲು ತೋರಿಸಬೇಕು. "ಇಲ್ಲವ್ವ, ಅಲ್ಲೇ ಐತಿ," ಅಂದೆ. ಸುಣ್ಣವನ್ನು ಹಳೇ ಜಾಗಕ್ಕೇ ಬಿಟ್ಟೆ. ಆ ಹುಡುಗಿಗೆ ಹೆದರಿಕೆ ಆಗಬಾರದು ಎಂದು ಹಾಗೆ ಮಾಡಿದೆ ಅಂತ ನನಗೆ ನಾನೇ ಹೇಳಿಕೊಂಡೆ. ಮೂರು ವರ್ಷ ದಿನಾ ಹೇಳಿಕೊಂಡೆ.

ನಮ್ಮೂರವರ ನಂಬಿಕೆ ಎಂಥದ್ದು ನೋಡಿ. ಕಡೇ ಸಾಲಿನವರು ಗೆರೆಯ ಒಳಗೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು, ಗೆರೆಯನ್ನು ಅನುಮಾನಿಸಲಿಲ್ಲ. ಮೈಗೆ ಉಷ್ಣ ಆಗಿದೆ ಎಂದು ಮೆಂತ್ಯ ನೆನೆಸಿ ಕುಡಿದರು. ಮನೆಗೆ ದೃಷ್ಟಿ ತಗುಲಿದೆ ಎಂದು ನಿಂಬೆಹಣ್ಣು ಕಟ್ಟಿದರು. ಎರಡು ವರ್ಷದ ಹಿಂದೆ ನೀಲಗಂಗೆಗೆ ಆ ಮನೆಯಲ್ಲೇ, ಸುಡುವ ಮಧ್ಯಾಹ್ನದಲ್ಲಿ, ಚೊಚ್ಚಲ ಕೂಸು ಹುಟ್ಟಿತು. ಮೂರು ದಿನ ಇತ್ತು. ಬಿಸಿಲಿಗೇ ಹೋಯಿತೋ, ಆಯುಷ್ಯವೇ ಅಷ್ಟಿತ್ತೋ, ಗುಡ್ಡದಯ್ಯನಿಗೆ ಗೊತ್ತು. ನಾನು ಮಾತಾಡಿಸಲು ಹೋದಾಗ ಅವಳು ಗೋಡೆಗೆ ಒರಗಿ ಕೂತಿದ್ದಳು. "ನನ್ನ ಮೈಯಾಗ ಉರಿ ಐತೆಜ್ಜಾ," ಅಂದಳು. "ಕೂಸು ತಡಕೊಳ್ಳಲಿಲ್ಲ." ನಾನು ಎದ್ದುಬಂದು ಅವತ್ತೂ ಹಳೇ ಜಾಗಕ್ಕೇ ಸುಣ್ಣ ಬಿಟ್ಟೆ.

ಮರುವರ್ಷ ಅವಳು ಮತ್ತೆ ಬಸುರಿ. ಎಂಟು ತುಂಬಿತ್ತು. ಸೂಲಗಿತ್ತಿ ತಿಪ್ಪವ್ವ ಅಗಸೆಯ ಕಟ್ಟೆಗೆ ಊರನ್ನು ಕರೆಸಿದಳು. ತಿಪ್ಪವ್ವನಿಗೆ ಎಂಬತ್ತರ ಮೇಲಾಗಿದೆ. ಊರಿನ ಮುಕ್ಕಾಲುಪಾಲು ಜನ ಮೊದಲು ನೋಡಿದ್ದು ಅವಳ ಮುಖವನ್ನೇ, ಹಾಗಾಗಿ ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸುತ್ತಾಳೆ.

"ನೆರಳಿನ ನಡೂಮಧ್ಯ ಒಂದು ಬಾಣಂತಿ ಮನಿ ಬೇಕು," ಅಂದಳು. "ಯಾವ ಓಣಿಯಾಕಿ ಆದ್ರೂ ಬರಲಿ, ತಂಪಿನ್ಯಾಗ ಹಡೀಲಿ, ಒಂದು ತಿಂಗಳು ಅಲ್ಲೇ ಇರಲಿ. ಹ್ವಾದ ವರ್ಷ ಕಡೇ ಸಾಲಿನ್ಯಾಗ ಎರಡು ಕೂಸು ಕಳಕೊಂಡೀನಿ. ಈ ಕೈಯಿಂದ ಮಣ್ಣು ಹಾಕೂದು ಸಾಕಾಗೈತಿ ನನಗ."

ಶೀಲವಂತಪ್ಪ ಕೆಟ್ಟವನಲ್ಲ. ತನ್ನ ಮನೆಯ ಹಿತ್ತಲಿನ ಜಾಗ ಬಿಟ್ಟುಕೊಡುತ್ತೇನೆ ಅಂದ, ಮಾಡಿಗೆ ತನ್ನ ಬೇವಿನ ಮರ ಕಡಿಸುತ್ತೇನೆ ಅಂದ. "ಗೋಡಿಗೆ ನಲವತ್ತು ಕಲ್ಲಾದರೂ ಬೇಕು. ಗುಡ್ಡದಿಂದ ಇಳಸೂಣು. ಎರಡು ಮಾರು ನೆರಳು ಹಿಂದ ಹೋಗಬಹುದು, ಹೋಗಲಿ. ಗೆರೆ ಈಗ ಕಡೇ ಸಾಲಿನ ಹೊಸ್ತಿಲಿಂದ ಎರಡು ಮಾರು ಆಚೆ ಐತಲ್ಲ. ಅಂಗಳ ಹೋದೀತು, ಮನಿ ಉಳೀತಾವ. ಏನಂತೀ, ದ್ಯಾಮಣ್ಣ?"

ದ್ಯಾಮಣ್ಣ ಕಡೇ ಸಾಲಿನವರ ಮುಖ ನೋಡಿದ. "ಅಂಗಳ ಹೋದರ ಹೋಗಲಿ, ಸಾವ್ಕಾರ್ರ. ಬುಟ್ಟಿ ಒಳಗ ಕುಂತು ಹೆಣಿತೀವಿ. ಕೂಸು ಉಳದ್ರ ಸಾಕು."

ಹೆಂಗಸರ ಸಾಲಿನಲ್ಲಿದ್ದ ನೀಲಗಂಗಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. ಅವಳು ನಕ್ಕದ್ದನ್ನು ನಾನು ಒಂದು ವರ್ಷದಿಂದ ನೋಡಿರಲಿಲ್ಲ.

"ಗೆರೆಯಜ್ಜ ಹೂಂ ಅಂದ್ರ ನಾಳೆ ಮುಂಜಾನೆ ಗುಡ್ಡ ಹತ್ತತೀವಿ," ಅಂದ ಶೀಲವಂತಪ್ಪ. ಎಲ್ಲರೂ ನನ್ನ ಕಡೆ ತಿರುಗಿದರು.

ನಾನು ಗುಡ್ಡದ ಕಡೆ ನೋಡಿದೆ. ಎದ್ದು ನಿಂತೆ. "ಗೆರೆ ಸುಳ್ಳೈತಿ," ಅಂದೆ. "ಮೂರು ವರ್ಷದಿಂದ ಸುಳ್ಳೈತಿ. ಖರೆ ನೆರಳು ಕಡೇ ಸಾಲಿನ ಹೊಸ್ತಿಲ ಒಳಗ ಮೂರು ಮೊಳದಾಗ ನಿಲ್ಲತೈತಿ. ಇನ್ನ ನಲವತ್ತು ಕಲ್ಲು ಇಳಿಸಿದರ ಆ ಮನಿ ಒಂದೂ ನೆರಳಿನ್ಯಾಗ ಇರೂದಿಲ್ಲ." ಆಮೇಲೆ ಶಂಕ್ರೆವ್ವನ ಕಲ್ಲಿನ ಮಾತನ್ನೂ ಹೇಳಿದೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಯಾರೂ ಬೈಯಲಿಲ್ಲ. ನೀಲಗಂಗಾ ಮೆಲ್ಲಗೆ ಕೇಳಿದಳು, "ಹಂಗಂದ್ರ ನನ್ನ ಮೈಯಾಗ ಉರಿ ಇದ್ದಿಲ್ಲ ಏನಜ್ಜಾ?"

"ಇದ್ದಿಲ್ಲವ್ವ."

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅತ್ತಳೋ, ಹಗುರಾದಳೋ, ನನಗೆ ತಿಳಿಯಲಿಲ್ಲ. ಬಹುಶಃ ಎರಡೂ ಇರಬೇಕು. ದ್ಯಾಮಣ್ಣ ನನ್ನ ಕಡೆ ನೋಡಲೇ ಇಲ್ಲ.

ಶೀಲವಂತಪ್ಪ ತಲೆ ಕೆರೆದುಕೊಂಡ. "ಹಂಗಾರ ಬಾಣಂತಿ ಮನಿ ಮಾತು ಬಿಡೂಣು. ಗುಡ್ಡ ಮುಟ್ಟೂದು ಬ್ಯಾಡ."

"ಮುಟ್ಟೂದು ಬ್ಯಾಡ ಅನ್ನೂದು ಸಸಾರ, ಸಾವ್ಕಾರ್ರ," ಅಂದ ದ್ಯಾಮಣ್ಣ. "ನನ್ನ ಹೆಂಡತಿ ಎಲ್ಲಿ ಹಡೀಬೇಕು, ಅದನ್ನ ಹೇಳ್ರಿ."

ಆಗ ತಿಪ್ಪವ್ವ ಕೋಲೂರಿ ಎದ್ದಳು. "ಇಬ್ಬರೂ ಖರೆ ಮಾತಾಡಾಕತ್ತೀರಿ, ಅದಕ್ಕ ಜಗಳ ಬಗಿಹರಿಯೂದಿಲ್ಲ. ಶೀಲವಂತಾ, ನಡಿ ನಿನ್ನ ಜಗಲಿ ನೋಡೂಣು." ಊರೆಲ್ಲ ಅವಳ ಹಿಂದೆ ಹೊರಟಿತು. ಅವನ ದೊಡ್ಡಮನೆಯ ಜಗಲಿ ಅಂದರೆ ನೂರು ಜನ ಕೂರುವಂಥದ್ದು. ತಿಪ್ಪವ್ವ ಸಿಮೆಂಟಿನ ಮೇಲೆ ಕೋಲಿನಿಂದ ತಟ್ಟಿದಳು. "ಇದರ ಕೆಳಗ ನಿಮ್ಮವ್ವ ಅದಾಳ, ಆಕಿ ಹಿಂದಿಂದ ಹ್ವಾದ ನಿಮ್ಮ ಮೂರು ಮಂದಿ ಕಾಕಾಗೋಳು ಅದಾರ, ಇಬ್ಬರು ಚಿಗವ್ವಗೋಳು ಅದಾರ. ಸತ್ತವರನ್ನ ಕೂಡಿಸಿಕೊಂಡು ಅವರ ಮ್ಯಾಲ ಕುಂತು ಎಲೆ ಅಡಿಕಿ ತಿಂತೀಯಲ್ಲೋ. ಅವರು ಎದ್ದು ಹೋದರ ಕಡೇ ಸಾಲಿಗೆ ಅಂಗಳ ಬರತೈತಿ."

"ಜಗಲಿ ಒಡದ್ರ ಮನಿ ಮಾರಿ ಕೆಟ್ಟು ಕಾಣತೈತಿ, ಆಯಿ."

"ನೀ ಹುಟ್ಟಿದಾಗ ನಿನ್ನ ಮಾರಿ ನೋಡೀನಿ ನಾ. ಅದಕ್ಕಿಂತ ಕೆಡೂದಿಲ್ಲ ಬಿಡು."

ಜನ ನಕ್ಕರು. ಶೀಲವಂತಪ್ಪ ನಗಲಿಲ್ಲ, ಒಳಗೆ ಹೋದ. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಮನೆಗೆ ಬಂದು ಹಾರೆ ತೆಗೆದುಕೊಂಡೆ.

ಮರುದಿನ ಬೆಳಕು ಹರಿಯುವಾಗ ಶಂಕ್ರೆವ್ವನ ಕಲ್ಲನ್ನು ತಲೆಯ ಮೇಲೆ ಇಟ್ಟುಕೊಂಡು ಗುಡ್ಡ ಹತ್ತತೊಡಗಿದೆ. ಬಟ್ಟೆ ಸುತ್ತಿದ ಸಿಂಬಿಯ ಮೇಲೆ ಆ ತಗ್ಗು ಸರಿಯಾಗಿ ಕೂತಿತು, ಅವಳೇ ಮಾಡಿಟ್ಟ ಹಾಗೆ. ಅರ್ಧ ದಾರಿಯಲ್ಲಿ ದಣಿವಾರಿಸಿಕೊಳ್ಳಲು ನಿಂತಾಗ ಹಿಂದೆ ಯಾರೋ ಏದುಸಿರು ಬಿಡುತ್ತ ಬರುವುದು ಕೇಳಿಸಿತು. ಶೀಲವಂತಪ್ಪ. ತಲೆಯ ಮೇಲೆ ಕಲ್ಲು, ಕಲ್ಲಿಗೆ ಅಂಗೈಯಗಲ ಸಿಮೆಂಟು ಇನ್ನೂ ಅಂಟಿಕೊಂಡಿತ್ತು. ಈ ಸಲ ಡೊಳ್ಳು ಇರಲಿಲ್ಲ.

"ನಮ್ಮವ್ವ ಇಷ್ಟು ಭಾರ ಇದ್ಲಂತ ಗೊತ್ತಿದ್ದಿಲ್ಲ," ಅಂದ.

"ಸಿಮೆಂಟು ಕೆತ್ತಿ ತರಬೇಕಾಗಿತ್ತು."

"ಕೆತ್ತಿದೆ ಮಾರಾಯಾ, ಬಿಡಲಿಲ್ಲ. ನಿನ್ನ ಹೆಂಡತಿ ಹಗುರ ಅದಾಳೇನು?"

"ಇದ್ದಾಗ ಹಗುರ ಇದ್ದಳು. ಈ ನಾಲ್ಕು ವರ್ಷದಾಗ ಭಾರ ಆಗ್ಯಾಳ."

ನೆತ್ತಿ ತಲುಪಿ ಗುಡ್ಡದಯ್ಯನ ಗುಡಿಯ ಮೇಲೆ ಅವಳನ್ನು ಇಟ್ಟೆ. ಇಟ್ಟಮೇಲೂ ಸ್ವಲ್ಪ ಹೊತ್ತು ಕೈ ಬಿಡಲಿಲ್ಲ. ಕಲ್ಲು ತಣ್ಣಗಿತ್ತು. ಅಲ್ಲಿಂದ ನೋಡಿದರೆ ಊರು ಒಂದು ಬೊಗಸೆಯಷ್ಟು, ಕಡೇ ಸಾಲು ಬೆರಳ ತುದಿಯಲ್ಲಿ. ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡ ಗುಡ್ಡ ನೆರಳು ಕೊಡುತ್ತಾ ಕೂತಿದೆಯಲ್ಲ ಅನ್ನಿಸಿ ಕೈಮುಗಿದೆ. ಇಳಿಯುವಾಗ ದಾರಿಯುದ್ದಕ್ಕೂ ಕಲ್ಲು ಹೊತ್ತವರು ಎದುರಾದರು. ಆ ವಾರವೆಲ್ಲ ಹಾಗೇ ನಡೆಯಿತು.

ಶಂಕ್ರೆವ್ವನ ಕಲ್ಲು ಏರಿಸಿದ ದಿನವೇ ಮಧ್ಯಾಹ್ನ ನಾನು ಖರೆ ಗೆರೆ ಎಳೆದೆ. ಕಡೇ ಸಾಲಿನ ಹನ್ನೊಂದು ಮನೆಗಳ ಒಳಗಿಂದಲೇ ಹಾಯ್ದು ಹೋಗಬೇಕಿತ್ತು. ಪ್ರತಿ ಮನೆಯ ಹೊಸ್ತಿಲಲ್ಲಿ ನಿಂತು ಅಪ್ಪಣೆ ಕೇಳಿ ಒಳಗೆ ಹೋದೆ. ನೀಲಗಂಗೆಯ ಮನೆಯಲ್ಲಿ ಗೆರೆ ನೀರಿನ ಹಂಡೆಗಿಂತಲೂ ಒಳಗೆ, ಒಲೆಯ ಕಲ್ಲಿನ ಮೇಲೆ ಹಾದು, ಆಚೆ ಗೋಡೆಗೆ ಹೋಯಿತು. ಸಾರಿಸಿದ ನೆಲದ ಮೇಲೆ ಬೆಳ್ಳಗೆ. ಅವಳು ಒಲೆಯನ್ನು ಗೆರೆಯ ಈಚೆಗೆ ಹೂಡಿಕೊಳ್ಳುತ್ತ, "ಇಷ್ಟು ದಿನ ಎಲ್ಲೈತಿ ಅಂತ ತಿಳೀದ ಸುಡತಿತ್ತು. ಈಗ ತಿಳದು ಸುಡತೈತಿ," ಅಂದಳು. ದನಿಯಲ್ಲಿ ಸಿಟ್ಟು ಇತ್ತು. ಇರಬೇಕಾದದ್ದೇ.

ಬಾಣಂತಿ ಮನೆಯ ಮಾತು ಉಳಿದಿತ್ತು. ಅದಕ್ಕೆ ದಾರಿ ಹೇಳಿದವನು ದ್ಯಾಮಣ್ಣ. ಮತ್ತೆ ಕಟ್ಟೆಗೆ ಸೇರಿದಾಗ ಅವನು ಕೇಳಿದ, "ನಲವತ್ತು ಕಲ್ಲು ಯಾಕ ಬೇಕು? ಮೊಳಕಾಲ ಮಟ ಕಲ್ಲು, ಮ್ಯಾಲ ಮಣ್ಣು, ಮಾಡಿಗೆ ಹುಲ್ಲು. ಹದಿನಾರು ಸಾಕು. ನಮ್ಮ ಮನಿಗೋಳೆಲ್ಲ ಹಂಗ ಅದಾವ, ಬಿದ್ದಾವೇನು?" ಹುಲ್ಲಿನ ಮಾಡಾದರೆ ಬೇವಿನ ಮರವೂ ಉಳಿಯಿತು. ಹದಿನಾರು ಎಲ್ಲಿಂದ ತರುವುದು ಎಂದಾಗ ತಿಪ್ಪವ್ವ ಅಂದಳು: ಕೂಸು ಹುಟ್ಟಿದರೆ ಒಂದು ಕಲ್ಲು ಇಳಿಸಲು ಗುಡ್ಡದಯ್ಯ ಹೇಗೂ ಒಪ್ಪಿದ್ದಾನೆ. ಇನ್ನು ಮೇಲೆ ಆ ಕಲ್ಲು ಮನೆಯ ಜಗಲಿಗೆ ಬೇಡ, ಬಾಣಂತಿ ಮನೆಯ ಗೋಡೆಗೆ ಹೋಗಲಿ. ಯಾರಾದರೂ ಸತ್ತು ಅವರ ಕಲ್ಲು ಗುಡ್ಡಕ್ಕೆ ಏರಿದರೆ ಆ ಜಾಗಕ್ಕೆ ಹೊಸ ಕೂಸಿನ ಕಲ್ಲು ಬರಲಿ. ಹುಟ್ಟಿದವರ ಕಲ್ಲು ಹುಟ್ಟುವವರಿಗೆ ನೆರಳಾಗಲಿ.

"ನಮ್ಮ ಕೂಸಿನ ಕಲ್ಲು ನಮ್ಮ ಮನಿ ಮುಂದ ಇರಬಾರದೇನು?" ಎಂದು ಒಬ್ಬಳು ಗೊಣಗಿದಳು. ಅವಳ ಅತ್ತೆ, "ನಿನ್ನ ಕೂಸಿಗೆ ಕುಂದ್ರಾಕ ನನ್ನ ಕಲ್ಲು ಐತಿ. ನಾನೇನು ಇಡೀ ದಿನ ಕುಂತಿರ್ತೀನೇನು?" ಅಂದಳು. ಆ ವರ್ಷ ಅಲ್ಲಿಯವರೆಗೆ ಹುಟ್ಟಿದ ಏಳು ಮಕ್ಕಳ ಕಲ್ಲುಗಳು ಅವತ್ತು ಸಂಜೆಯೊಳಗೆ ಬಂದವು. ಗೊಣಗಿದವಳ ಕೂಸಿನದು ಕೊನೆಗೆ ಬಂದಿತು, ಆದರೆ ಬಂದಿತು.

ಏಳು ಕಲ್ಲಿಗೆ ಮನೆ ಆಗುವುದಿಲ್ಲ. ನೀಲಗಂಗೆಗೆ ದಿನ ತುಂಬಿತು. ಅವತ್ತು ಶೀಲವಂತಪ್ಪನ ಹೆಂಡತಿ ತಾನೇ ಕಡೇ ಸಾಲಿಗೆ ನಡೆದುಹೋಗಿ ಅವಳ ಕೈಹಿಡಿದು ಕರೆತಂದಳು. ಒಡೆದ ದೊಡ್ಡ ಜಗಲಿಯಲ್ಲಿ ಕಲ್ಲುಗಳು ಎದ್ದುಹೋದ ಕಡೆ ತಣ್ಣನೆಯ ಮಣ್ಣು. ಊರಲ್ಲಿ ಅದಕ್ಕಿಂತ ತಂಪಿನ ಜಾಗ ಇರಲಿಲ್ಲ, ಅದೂ ನೆರಳಿನ ನಟ್ಟನಡುವೆ. ನಾಲ್ಕೂ ಕಡೆ ಸೀರೆ ಕಟ್ಟಿದರು. ಶೀಲವಂತಪ್ಪ ಹೊರಗೆ ಬೇವಿನ ಕಟ್ಟೆಯ ಮೇಲೆ ದ್ಯಾಮಣ್ಣನ ಪಕ್ಕ ಕೂತು, ತನ್ನ ಎಲೆ ಅಡಿಕೆಯ ಚೀಲವನ್ನು ಅವನ ಕಡೆ ಸರಿಸಿದ. ಇಬ್ಬರೂ ಅಗಿದರು. ನೆರಳು ಬಂದು ಒಂದು ತಾಸಾಗಿತ್ತು, ಸೀರೆಯ ಹಿಂದಿನಿಂದ ಕೂಸು ಅತ್ತಿತು. ತಿಪ್ಪವ್ವ ತಲೆ ಹೊರಗೆ ಹಾಕಿ, "ಹೆಣ್ಣು. ದನಿ ನೋಡಿದ್ರ ಗುಡ್ಡಕ್ಕ ಕೇಳಿರಬೇಕು," ಅಂದಳು.

ಮೂರು ದಿನ ನಾನು ಸರಿಯಾಗಿ ಉಣ್ಣಲಿಲ್ಲ. ನಾಲ್ಕನೆಯ ದಿನವೂ ಕೂಸು ಅಳುತ್ತಿತ್ತು, ಐದನೆಯ ದಿನವೂ. ಆರನೆಯ ದಿನ ದ್ಯಾಮಣ್ಣ ಗುಡ್ಡದಿಂದ ಎಂಟನೆಯ ಕಲ್ಲನ್ನು ಹೊತ್ತು ತಂದ. ಗೋಡೆಗೆ ಕೂರಿಸುವಾಗ ಒಂಟಿ ಕೈಗೆ ಆಗಲಿಲ್ಲ. ಸುತ್ತ ನೋಡಿ, ಇಷ್ಟು ದಿನದ ಮೇಲೆ ಮೊದಲ ಸಲ ನನ್ನ ಕಡೆ ತಿರುಗಿ, "ಅಜ್ಜಾ, ಆ ತುದಿ ಹಿಡಿ," ಅಂದ. ಹಿಡಿದೆ.

ತಿಂಗಳು ಕಳೆದು ನೀಲಗಂಗಾ ತನ್ನ ಮನೆಗೆ ಹೋದಳು. ಮರುದಿನ ಮಧ್ಯಾಹ್ನ ನಾನು ಬುಟ್ಟಿ ಹಿಡಿದು ಕಡೇ ಸಾಲಿಗೆ ಹೋದಾಗ ಬಾಗಿಲಲ್ಲಿ ನಿಂತಿದ್ದಳು, ಕೂಸು ಹೆಗಲ ಮೇಲೆ. ಚಪ್ಪಲಿ ಬಿಟ್ಟಿದ್ದಳು.

"ಇನ್ನ ನಾನೂ ಬರ್ತೀನಿ," ಅಂದಳು. "ನೀ ಸುಣ್ಣ ಹಾಕು. ಕಾಲು ನಾ ಇಡತೀನಿ."

ಬೇಡ ಅನ್ನುವ ಹಕ್ಕು ನನಗಿರಲಿಲ್ಲ. ಅಂದಿನಿಂದ ನಾವಿಬ್ಬರೂ ಗೆರೆ ಎಳೆಯುತ್ತೇವೆ. ಅವಳಿಗೆ ಪುರುಸೊತ್ತಿಲ್ಲದ ದಿನ ಕಡೇ ಸಾಲಿನ ಇನ್ನೊಬ್ಬರು ಬರುತ್ತಾರೆ. ನೆರಳಿನ ಅಂಚಿನಲ್ಲಿ ಬದುಕುವವರ ಪಾದ ಇಲ್ಲದೆ ಊರಲ್ಲಿ ಈಗ ಗೆರೆ ಬೀಳುವುದಿಲ್ಲ. ಗುಡ್ಡಕ್ಕೆ ಅವಸರವಿಲ್ಲ. ಗೆರೆ ಒಲೆಯಿಂದ ಹಂಡೆಗೆ ಬರಲು ಒಂದು ತಿಂಗಳು ತೆಗೆದುಕೊಂಡಿತು, ಹಂಡೆಯಿಂದ ಹೊಸ್ತಿಲಿಗೆ ಇನ್ನೊಂದು ಮಳೆಗಾಲ. ಬಾಣಂತಿ ಮನೆಗೆ ಹನ್ನೆರಡು ಕಲ್ಲಾಗಿವೆ. ಕಲ್ಲು ಸಾಲದ ಕಡೆ ಬರೀ ಮಣ್ಣು ಮೆತ್ತಿ, ಹುಲ್ಲು ಹೊದಿಸಿದ್ದೇವೆ, ಆಗಲೇ ಇಬ್ಬರು ಅಲ್ಲಿ ಹಡೆದಿದ್ದಾರೆ.

ನಿನ್ನೆ ಹೊಸ್ತಿಲಲ್ಲಿ ನಿಂತು ನಾನು ಬುಟ್ಟಿಯೊಳಗೆ ಕೈ ಹಾಕಿದೆ. ಅಂಗಾಲಿಗೆ ಅಲ್ಲೇ ಬಿಸಿ ತಾಕಿದ ಹಾಗೆ ಇತ್ತು. ವಯಸ್ಸಾಯಿತು, ಚರ್ಮ ದಪ್ಪವಾಗಿದೆ, ಅಥವಾ ಹಳೇ ಭಯ ಇರಬೇಕು. ನೀಲಗಂಗಾ ಹೊಸ್ತಿಲು ದಾಟಿ ಅಂಗಳಕ್ಕೆ ಒಂದು ಹೆಜ್ಜೆ ಇಟ್ಟಳು. ನಿಂತಳು. ಸೊಂಟದ ಮೇಲಿಂದ ಮಗಳನ್ನು ಇಳಿಸಿ, ಅವಳ ಎಳೇ ಪಾದಗಳನ್ನೂ ನೆಲಕ್ಕೆ ಮುಟ್ಟಿಸಿದಳು. ಮಗು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಮಣ್ಣಿನಲ್ಲಿ ಬೆರಳುಗಳನ್ನು ಊರಿ ನಿಂತಿತು.

"ಇಲ್ಲೈತಿ ಅಜ್ಜಾ," ಅಂದಳು.

ನಾನು ಬಗ್ಗಿ, ಮಗುವಿನ ಹೆಬ್ಬೆರಳಿನ ಮುಂದೆ ಸುಣ್ಣ ಬಿಟ್ಟೆ.